ಅಂಬಾಸಿಡರ್ ಕುಡಿದ ನಾಲೆ ನೀರು

ಹಳೇ ಕಾರಿನ ರೇಡಿಯೇಟರ್‌ನಲ್ಲಿ ನೀರು ಕಡಿಮೆಯಾಗುತ್ತಿದೆ ಅಂದರೆ ನಮ್ಮ ಕಡೆ ಮೊದಲು ಸಿಗುವ ಸಲಹೆ ಒಂದೇ. 'ಒಂದು ಚಮಚ ಅರಿಶಿನ ಹಾಕಿ ಸಾರ್, ನಿಂತೋಗುತ್ತೆ.' ಲಾರಿ ಓಡಿಸಿದವರು, ಟ್ಯಾಕ್ಸಿ ಇಟ್ಟುಕೊಂಡಿದ್ದವರು ಎಲ್ಲರಿಗೂ ಗೊತ್ತಿರುವ ಉಪಾಯ ಇದು. ಕೆಲಸ ಮಾಡುವುದೂ ನಿಜ. ಪುಡಿ ನೀರಿನ ಜೊತೆ ಸುತ್ತುತ್ತಾ ಸುತ್ತುತ್ತಾ ಸಣ್ಣ ತೂತು ಸಿಕ್ಕಲ್ಲಿ ಹೋಗಿ ಕೂರುತ್ತದೆ. ಬಂಡೀಪುರದ ಕಾಡಿನ ನಡುವೆ ಹೊತ್ತು ಮುಳುಗುತ್ತಿದ್ದರೆ, ಹೇಗಾದರೂ ಮನೆ ಸೇರಬೇಕಿದ್ದರೆ, ಆ ಅರಿಶಿನವೇ ದೇವರು. ಆದರೆ ಮನೆ ಸೇರಿದ ಮೇಲೂ ಅದನ್ನೇ ನಂಬಿಕೊಂಡು ಕೂರಬಾರದು. ಸೋರುವ ತೂತು ಯಾವುದು, ನೀರು ಹರಿಯಬೇಕಾದ ಕೊಳವೆ ಯಾವುದು ಅಂತ ಪುಡಿಗೆ ಗೊತ್ತಾಗುವುದಿಲ್ಲ. ಎರಡನ್ನೂ ಮುಚ್ಚುತ್ತದೆ.

ಇನ್ನೊಂದು ವಿಷಯ ಇದೆ. ಇದನ್ನು ಹೇಳುವುದಕ್ಕೇ ನಾನು ಈ ಬರಹಕ್ಕೆ ಕೂತಿರುವುದು. ಹಳೇ ಇಂಜಿನ್ ಎಲ್ಲಿ ಸೋರುತ್ತಿದೆ ಅಂತ ಎಲ್ಲರೂ ಹುಡುಕುತ್ತಾರೆ. ಅದರೊಳಗೆ ಇಷ್ಟು ವರ್ಷ ಎಂಥ ನೀರು ಓಡಾಡಿದೆ ಅಂತ ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಎರಡನೆಯ ಪ್ರಶ್ನೆಯೇ ದೊಡ್ಡದು.

ಕಾರು ನನ್ನ ಸೋದರಮಾವನದು. ಅಂಬಾಸಿಡರ್ ಮಾರ್ಕ್ 4, ಎಂಬತ್ತರ ದಶಕದ ಗಾಡಿ. ಮಂಡ್ಯದ ಪಕ್ಕದ ಹಳ್ಳಿಯಲ್ಲಿ ಮಾವ ಕಬ್ಬು, ಭತ್ತ ಬೆಳೆಯುತ್ತಿದ್ದರು. ಆ ಕಾರಿನಲ್ಲಿ ಮದುವೆ ಹೆಣ್ಣು ಕೂತಿದ್ದಾಳೆ, ಗೊಬ್ಬರದ ಚೀಲ ಕೂತಿದೆ, ರಾತ್ರೋರಾತ್ರಿ ಆಸ್ಪತ್ರೆಗೆ ಹೊರಟ ಬಸುರಿಯರು ಕೂತಿದ್ದಾರೆ. ಈಗ ಮಾವನಿಗೆ ಕಣ್ಣು ಮಂಜು. ಕಾರು ಮೈಸೂರಿನ ನಮ್ಮ ಮನೆಗೆ ಬಂದಿದೆ.

ಅದರ ಬಾನೆಟ್ ಕೆಳಗಿರುವುದು 1489 ಸಿಸಿಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ ಸೀರೀಸ್ ಇಂಜಿನ್. ಇಂಗ್ಲೆಂಡಿನ ಎಂಜಿಬಿ ಸ್ಪೋರ್ಟ್ಸ್ ಕಾರಿನ ಇಂಜಿನ್ನೂ ಇದೇ ಮನೆತನದ್ದು, ಅದು 1798 ಸಿಸಿ. ಅಲ್ಲಿನವರು ಆ ಕಾರಿನ ಬಗ್ಗೆ ಕಲಿತ ಎಷ್ಟೋ ಸಂಗತಿ ನಮ್ಮ ಅಂಬಾಸಿಡರ್‌ಗೂ ಹಾಗೇ ಹೊಂದುತ್ತದೆ. ಸಿಲಿಂಡರ್‌ಗಳಿರುವ ದೊಡ್ಡ ಭಾಗ ಬ್ಲಾಕ್, ಅದರ ಮೇಲೆ ಕೂರುವ ಮುಚ್ಚಳ ಹೆಡ್, ಎರಡೂ ಎರಕದ ಕಬ್ಬಿಣ. ತೂಕ ಜಾಸ್ತಿ, ಆದರೆ ತಡೆದುಕೊಳ್ಳುವ ಶಕ್ತಿಯೂ ಜಾಸ್ತಿ. ಐವತ್ತರ ದಶಕದ ಕೊನೆಯಲ್ಲಿ ಶುರುವಾದ ಅಂಬಾಸಿಡರ್ ತಯಾರಿಕೆ ಉತ್ತರಪಾರಾ ಫ್ಯಾಕ್ಟರಿಯಲ್ಲಿ ನಿಂತದ್ದು 2014ರ ಮೇ ತಿಂಗಳಲ್ಲಿ. ಅಷ್ಟು ದೀರ್ಘ ಕಾಲ ಬದುಕಿದ ಗಾಡಿ ಅದು. ಬಿಡಿಭಾಗ ಇವತ್ತಿಗೂ ಹುಡುಕಿದರೆ ಸಿಗುತ್ತದೆ.

ನೀರಿನ ಕೆಲಸ ಏನು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಸುಟ್ಟ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಈ ನೀರೇ ಹೊತ್ತುಕೊಂಡು ಹೋಗಿ ರೇಡಿಯೇಟರ್‌ನಲ್ಲಿ ಗಾಳಿಗೆ ಬಿಡಬೇಕು. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ಒಲೆ ಮೇಲಿಟ್ಟ ನೀರು 100 ಡಿಗ್ರಿವರೆಗೆ ಹೋಗುವುದಿಲ್ಲ, 97ರ ಸುಮಾರಿಗೇ ಕುದಿಯುತ್ತದೆ. ಚಾಮುಂಡಿ ಬೆಟ್ಟದ ಮೇಲೆ ಇನ್ನೂ ಸ್ವಲ್ಪ ಬೇಗ. ಅದಕ್ಕೇ ರೇಡಿಯೇಟರ್ ಕ್ಯಾಪ್‌ನಲ್ಲಿ ಸ್ಪ್ರಿಂಗ್ ಇರುವುದು. ಅದು ಒಳಗೆ ಒತ್ತಡ ಹಿಡಿದಿಡುತ್ತದೆ, ಒತ್ತಡ ಹೆಚ್ಚಿದರೆ ನೀರು ತಡವಾಗಿ ಕುದಿಯುತ್ತದೆ. 7 ಪಿಎಸ್‌ಐ (ಒತ್ತಡದ ಅಳತೆ) ಕ್ಯಾಪ್ ಸರಿಯಾಗಿ ಹಿಡಿದರೆ ನಮ್ಮ ಊರಲ್ಲೂ ನೀರು ಹತ್ತಿರ ಹತ್ತಿರ 110 ಡಿಗ್ರಿವರೆಗೆ ಕುದಿಯದೆ ನಿಲ್ಲುತ್ತದೆ. ಎಲ್ಲೋ ಸೋರಿದರೆ ಬರೀ ನೀರು ಹೋಗುವುದಿಲ್ಲ, ಆ ಒತ್ತಡವೂ ಹೋಗುತ್ತದೆ. ನೀರು ಇನ್ನೂ ಸಾಕಷ್ಟಿರುವಾಗಲೇ ಗಾಡಿ ಕುದಿಯುವುದು ಈ ಕಾರಣಕ್ಕೆ. ಊಟಿ ದಾರಿಯ ಕಲ್ಲಟ್ಟಿ ಘಾಟಿಯ 36 ತಿರುವುಗಳಲ್ಲಿ ಹಿಂದೆಲ್ಲ ಬಾನೆಟ್ ಎತ್ತಿಕೊಂಡು ನಿಂತ ಕಾರುಗಳ ಸಾಲನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಮೈಸೂರು ಒಂದು ಕಾಲಕ್ಕೆ ಜಾವಾ, ಯೆಜ್ಡಿ ತಯಾರಾದ ಊರು. ಯಾದವಗಿರಿಯ ಫ್ಯಾಕ್ಟರಿಯಿಂದ 1961ರಿಂದ 1996ರವರೆಗೆ ಬೈಕುಗಳು ಹೊರಬಂದವು. ಅವೆಲ್ಲ ಗಾಳಿಯಲ್ಲೇ ತಣಿಯುವ ಇಂಜಿನ್‌ಗಳು. ನೀರಿನ ತಂಟೆಯೇ ಇಲ್ಲ. ಅಂಥ ಬೈಕುಗಳ ಮೇಲೆ ಕೈ ಪಳಗಿಸಿಕೊಂಡ ಒಬ್ಬ ಹಿರಿಯ ಮೆಕ್ಯಾನಿಕ್ ನನಗೆ ಪರಿಚಯ. ಅವರು ಅಂಬಾಸಿಡರ್ ನೋಡಿ ಹೇಳಿದ ಮೊದಲ ಮಾತು: 'ಸಾರ್, ತಣ್ಣಗಿದ್ದಾಗ ಹುಡುಕಿ. ಬಿಸೀಲಿ ಹುಡುಕಿದ್ರೆ ಸಿಗಲ್ಲ.'

ಅದು ಲಕ್ಷ ರೂಪಾಯಿ ಮಾತು. ಕಾರಿನ ಲಕ್ಷಣ ಹೀಗಿತ್ತು. ಶ್ರೀರಂಗಪಟ್ಟಣಕ್ಕೆ ಹೋಗಿ ಬಂದರೆ ರೇಡಿಯೇಟರ್‌ನಲ್ಲಿ ನೀರು ಇಳಿದಿರುತ್ತಿತ್ತು. ಆದರೆ ನಿಲ್ಲಿಸಿದ ಜಾಗ ಒಣಗಿರುತ್ತಿತ್ತು. ಬಿಸಿ ಕಬ್ಬಿಣದ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಓಡುವಾಗ ಫ್ಯಾನಿನ ಗಾಳಿ ಹನಿಯನ್ನು ಹಿಂದಕ್ಕೆ ತಳ್ಳಿ ಎಲ್ಲೆಲ್ಲೋ ಎರಚುತ್ತದೆ. ಒದ್ದೆ ಕಂಡ ಜಾಗಕ್ಕೂ ಸೋರಿದ ಜಾಗಕ್ಕೂ ಮೊಳದಷ್ಟು ಅಂತರ ಇರಬಹುದು.

ಮೊದಲು ಹೆಡ್ ಗ್ಯಾಸ್ಕೆಟ್, ಅಂದರೆ ಬ್ಲಾಕ್‌ಗೂ ಹೆಡ್‌ಗೂ ನಡುವಿನ ತೆಳು ಹಾಳೆ, ಹೋಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಅದು ಹೋಗಿದ್ದರೆ ಕೆಲಸದ ದಾರಿಯೇ ಬೇರೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿದರೆ ಆಯಿಲ್ ಹಾಲು ಬೆರೆತ ಬಣ್ಣಕ್ಕೆ ತಿರುಗಿರಬಾರದು. ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ಬಾಯಲ್ಲಿ ಗುಳ್ಳೆ ಒಂದೇ ಸಮನೆ ಏಳಬಾರದು. ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ಬರಬಾರದು. ಈ ಕಾರಿನಲ್ಲಿ ಇದ್ಯಾವುದೂ ಇರಲಿಲ್ಲ. ಹೋಸ್ ಪೈಪುಗಳನ್ನು ಹಿಚುಕಿ ನೋಡಿದೆ, ಮೇಲಿನದು, ಕೆಳಗಿನದು ಎರಡೂ ಗಟ್ಟಿಯಿದ್ದವು. ವಾಟರ್ ಪಂಪಿನ ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸವೆದರೆ ನೀರು ಅಲ್ಲಿಂದ ಹೊರಬರಲಿ, ಬೇರಿಂಗ್‌ಗೆ ನುಗ್ಗದಿರಲಿ ಅಂತ ಬೇಕೆಂದೇ ಬಿಟ್ಟ ತೂತು ಅದು. ಕೆಲವರು ಅದನ್ನೇ ಸೋರಿಕೆ ಅಂದುಕೊಂಡು ಎಂ ಸೀಲ್ ಮೆತ್ತುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಪಂಪಿನ ತೂತು ಒಣಗಿತ್ತು.

ಆಮೇಲೆ ಪ್ರೆಶರ್ ಟೆಸ್ಟರ್. ಕ್ಯಾಪ್ ಜಾಗದಲ್ಲಿ ಕೂರಿಸುವ ಕೈ ಪಂಪು, ಮೇಲೊಂದು ಮೀಟರು, ಅಷ್ಟೇ. ಹಳೇ ಗಾಡಿ ಇಟ್ಟುಕೊಂಡವರೆಲ್ಲ ಒಂದು ತೆಗೆದುಕೊಳ್ಳಬೇಕು ಅಂತ ನಾನು ಹೇಳುತ್ತೇನೆ. ಇಂಜಿನ್ ತಣ್ಣಗಿರುವಾಗ, ಏನೂ ತಿರುಗದೆ ಇರುವಾಗ, ಓಡುವ ಗಾಡಿಯ ಒತ್ತಡವನ್ನು ಅದು ಕೊಡುತ್ತದೆ. ಕ್ಯಾಪ್ ಮೇಲೆ ಬರೆದಿರುವಷ್ಟೇ ಪಂಪ್ ಮಾಡಬೇಕು, ಜಾಸ್ತಿ ಅಲ್ಲ. ಮುಳ್ಳು 7ಕ್ಕೆ ಬಂದು ನಿಂತಿತು. ಆಮೇಲೆ ನಿಧಾನಕ್ಕೆ ಇಳಿಯತೊಡಗಿತು. ಟಾರ್ಚು, ಕೋಲಿಗೆ ಕಟ್ಟಿದ ಸಣ್ಣ ಕನ್ನಡಿ ಹಿಡಿದು ಬ್ಲಾಕ್‌ನ ಮಗ್ಗುಲನ್ನು ಇಂಚಿಂಚೇ ನೋಡುತ್ತಾ ಹೋದೆ. ಹಿಂದುಗಡೆ, ಗೇರ್‌ಬಾಕ್ಸ್ ಕಡೆಗೆ, ಎಣ್ಣೆ ಜಿಡ್ಡಿನ ನಡುವೆ ಒಂದು ದುಂಡನೆಯ ಬಿಲ್ಲೆ. ಅದರ ಅಂಚಿನಿಂದ ಕೆಳಕ್ಕೆ ತುಕ್ಕಿನ ಕಂದು ಗೆರೆ. ಟಾರ್ಚನ್ನು ಓರೆಯಾಗಿ ಹಿಡಿದಾಗ ಆ ಅಂಚಿನಿಂದ ಕೂದಲೆಳೆಯಷ್ಟು ತೆಳ್ಳಗೆ ನೀರು ಚಿಮ್ಮುತ್ತಿರುವುದು ಮಿಂಚಿತು. ಮುಂದೆ ಬೆರಳಿಟ್ಟರೆ ತಣ್ಣಗೆ ತಾಗುತ್ತಿತ್ತು. ಪಂಪಿನ ಒತ್ತಡ ಬಿಟ್ಟೆ. ಗೆರೆ ಮಾಯ. ಒರೆಸಿ ನೋಡಿದರೆ ಅಲ್ಲಿ ಏನೂ ಇಲ್ಲ.

ಈ ಬಿಲ್ಲೆಗೆ ಗ್ಯಾರೇಜಿನವರು ಡಮ್ಮಿ ಅನ್ನುತ್ತಾರೆ, ಕೋರ್ ಪ್ಲಗ್ ಅಂತ ಕೇಳಿದರೂ ಅಂಗಡಿಯಲ್ಲಿ ಕೊಡುತ್ತಾರೆ. ಬ್ಲಾಕ್ ಎರಕ ಹೊಯ್ಯುವಾಗ ಒಳಗೆ ನೀರಿನ ದಾರಿಗಾಗಿ ಮರಳಿನ ಅಚ್ಚು ಇಟ್ಟಿರುತ್ತಾರೆ. ಎರಕ ಗಟ್ಟಿಯಾದ ಮೇಲೆ ಆ ಮರಳನ್ನು ಹೊರತೆಗೆಯಲು ತೂತು ಬೇಕು. ಕೊನೆಗೆ ಆ ತೂತುಗಳನ್ನು ತೆಳು ತಗಡಿನ ಬಿಲ್ಲೆ ಬಡಿದು ಮುಚ್ಚುತ್ತಾರೆ. ಬ್ಲಾಕ್‌ನ ಗೋಡೆ ದಪ್ಪ, ಬಿಲ್ಲೆ ತೆಳ್ಳಗೆ. ತುಕ್ಕು ಹಿಡಿದರೆ ಮೊದಲು ಹೋಗುವುದು ಇದೇ. ಅದೂ ಹೊರಗಿನಿಂದ ಅಲ್ಲ, ಒಳಗಿನಿಂದ. ಹೊರಗೆ ಕಾಣುವ ಹೊತ್ತಿಗೆ ಒಳಗೆ ಪೂರ್ತಿ ತಿಂದುಹಾಕಿರುತ್ತದೆ.

ತೆಗೆಯುವುದು ಕಷ್ಟವಲ್ಲ, ಕೈ ಹೋಗುವುದು ಕಷ್ಟ. ನೀರು ಪೂರ್ತಿ ಬಸಿದು, ಬಿಲ್ಲೆಯ ಒಂದು ಅಂಚಿಗೆ ಪಂಚ್ ಇಟ್ಟು ಮೆಲ್ಲಗೆ ಬಡಿಯಬೇಕು. ಆ ಅಂಚು ಒಳಕ್ಕೆ ಹೋದಂತೆ ಎದುರಿನ ಅಂಚು ಹೊರಕ್ಕೆ ಮಗುಚುತ್ತದೆ. ಆಗ ಇಕ್ಕಳದಲ್ಲಿ ಹಿಡಿದು ಎಳೆಯಬಹುದು. ನಡುವಿಗೇ ಬಲವಾಗಿ ಹೊಡೆದರೆ ಬಿಲ್ಲೆ ಬ್ಲಾಕ್ ಒಳಗೆ ಬಿದ್ದುಹೋಗುತ್ತದೆ, ಸಿಲಿಂಡರ್ ಗೋಡೆಗೂ ಏಟು. ನಮ್ಮದು ಮಗುಚಿಕೊಂಡಿತು. ಎಳೆದೆ. ನೀರು ಬರಲಿಲ್ಲ. ತೂತಿನ ತುಂಬಾ ರಾಗಿ ಅಂಬಲಿಯಂಥ ಕೆಸರು ನಿಂತಿತ್ತು. ಸ್ಕ್ರೂಡ್ರೈವರ್ ತುದಿ ಹಾಕಿ ತಿರುವಿದ ಮೇಲೆ ಮುದ್ದೆ ಮುದ್ದೆಯಾಗಿ ಇಳಿಯಿತು. ಬೆರಳ ನಡುವೆ ತಿಕ್ಕಿದರೆ ನುಣುಪು ಮಣ್ಣು, ಅದರಲ್ಲಿ ಹರಳು ಹರಳು ತುಕ್ಕು.

ಮಾವನಿಗೆ ಫೋನ್ ಮಾಡಿ ಕೇಳಿದೆ. 'ಮಾವ, ರೇಡಿಯೇಟರ್‌ಗೆ ಯಾವ ನೀರು ಹಾಕ್ತಿದ್ರಿ?'

'ಅದ್ಯಾವ್ ನೀರ್ಲಾ ಅಳಿಯ? ನಾಲೆ ಏರಿ ಮೇಲೇ ಅಲ್ವಾ ನಮ್ ದಾರಿ. ಗಾಡಿ ನಿಲ್ಸಿ ಬಿಂದಿಗೇಲಿ ಮೊಗೆದು ಹುಯ್ತಿದ್ದೆ. ನಾಲೆ ನಿಲ್ಸಿದಾಗ ಬೋರ್‌ವೆಲ್ದು.'

ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯಕ್ಕೆ ಜೀವ. ಕನ್ನಂಬಾಡಿಯಿಂದ ಹೊರಟು ಬಯಲನ್ನೆಲ್ಲ ಹಸಿರು ಮಾಡಿದ ನೀರು ಅದು, ನಮ್ಮ ಮನೆತನದ ಅನ್ನ ಕೂಡ ಅದರದ್ದೇ. ಆದರೆ ಮಳೆಗಾಲದಲ್ಲಿ ಅದರ ಜೊತೆ ನುಣುಪು ಮಣ್ಣು ಬರುತ್ತದೆ. ಗದ್ದೆಗೆ ಅದು ಗೊಬ್ಬರ, ಇಂಜಿನ್‌ಗೆ ಹೂಳು. ಬ್ಲಾಕ್ ಒಳಗೆ ನೀರು ಮುಂದುಗಡೆ ಪಂಪಿನ ಹತ್ತಿರ ರಭಸವಾಗಿ ಓಡುತ್ತದೆ, ಹಿಂದುಗಡೆ ತಳದಲ್ಲಿ ಮಂದವಾಗುತ್ತದೆ. ಮಂದವಾದ ಕಡೆ ಹೂಳು ಕೂರುತ್ತದೆ. ಬೋರ್‌ವೆಲ್ ನೀರಿನದು ಬೇರೆ ತೊಂದರೆ. ಅದರಲ್ಲಿ ಸುಣ್ಣದಂಶ ಜಾಸ್ತಿ. ಬಿಸಿಯಾದಾಗ ಗೋಡೆಗೆ ಬಿಳಿ ಪೊರೆ ಕಟ್ಟುತ್ತದೆ, ಮನೆಯ ಗೀಸರ್ ಕಾಯಿಲ್ ಮೇಲೆ ಕಟ್ಟುವ ಪೊರೆಯೇ ಇದು. ಆ ಪೊರೆ ಶಾಖವನ್ನು ದಾಟಗೊಡುವುದಿಲ್ಲ. ಹೊಸ ನೀರು ಹುಯ್ದಾಗಲೆಲ್ಲ ಹೊಸ ಆಮ್ಲಜನಕ, ಹೊಸ ಸುಣ್ಣ, ಹೊಸ ಮಣ್ಣು ಒಳಗೆ ಹೋಗುತ್ತದೆ. ಸೋರಿತು ಅಂತ ಹುಯ್ಯುವುದು, ಹುಯ್ದದ್ದಕ್ಕೆ ತುಕ್ಕು, ತುಕ್ಕಿಗೆ ಇನ್ನಷ್ಟು ಸೋರಿಕೆ. ಮಾವನನ್ನು ನಾನು ದೂರುವುದಿಲ್ಲ. ನೀರು ಹೆಪ್ಪುಗಟ್ಟದಂತೆ, ಇಂಜಿನ್ ಒಳಗೆ ತುಕ್ಕು ಹಿಡಿಯದಂತೆ ಬೆರೆಸುವ ಕೂಲೆಂಟ್ ಅನ್ನುವ ವಸ್ತುವನ್ನು ಆಗ ಹಳ್ಳಿಯಲ್ಲಿ ಕಂಡವರೇ ಇರಲಿಲ್ಲ. ಆ ನೀರು ಕುಡಿದೇ ಈ ಗಾಡಿ ಒಂದು ಇಡೀ ಊರನ್ನು ಹೊತ್ತು ತಿರುಗಿದೆ.

ಹಾಗಾಗಿ ಬರೀ ಬಿಲ್ಲೆ ಬದಲಿಸಿ ಮುಗಿಸಲು ನನಗೆ ಮನಸ್ಸು ಬರಲಿಲ್ಲ. ಒಂದು ಹೋಗಿದ್ದರೆ ಉಳಿದವೂ ಅದೇ ವಯಸ್ಸಿನವು. ಕೈಗೆ ಸಿಗುವ ಬಿಲ್ಲೆಗಳನ್ನೆಲ್ಲ ತೆಗೆದೆ. ಬ್ಲಾಕ್‌ನ ಡ್ರೈನ್ ಟ್ಯಾಪ್ ತಿರುಗಿಸಿದರೆ ಒಂದು ಹನಿಯೂ ಬರಲಿಲ್ಲ. ಅದರ ಬಾಯಿಗೂ ಮಣ್ಣು ಗಟ್ಟಿಯಾಗಿ ಕೂತಿತ್ತು. ಟ್ಯಾಪನ್ನೇ ಬಿಚ್ಚಿ ತಂತಿ ಹಾಕಿ ಕೆದಕಬೇಕಾಯಿತು. ಹಳೇ ಅಂಬಾಸಿಡರ್ ಇಟ್ಟುಕೊಂಡವರು ಇದನ್ನು ಗಮನಿಸಿ. ರೇಡಿಯೇಟರ್ ಕೆಳಗಿನ ಟ್ಯಾಪ್ ಬಿಟ್ಟರೆ ಬ್ಲಾಕ್ ಒಳಗಿನ ನೀರು ಪೂರ್ತಿ ಬರುವುದಿಲ್ಲ. ಎರಡನ್ನೂ ಬಿಡಬೇಕು.

ನೀರಿನ ಪೈಪನ್ನು ಒಂದೊಂದು ತೂತಿಗೂ ಹಿಡಿದು ತೊಳೆದೆ. ಕಂದು ನೀರು ಅಂಗಳದ ತುಂಬಾ ಹರಿಯಿತು. ಕಂದು ಕಳೆದು ಹಳದಿ, ಹಳದಿ ಕಳೆದು ತಿಳಿ. ಆಮೇಲೆ ಹಳೇ ಬಿಲ್ಲೆಯನ್ನು ಜೇಬಲ್ಲಿಟ್ಟುಕೊಂಡು ಅಂಗಡಿಗೆ ಹೋದೆ. ಅಳತೆ ಬಾಯಲ್ಲಿ ಹೇಳುವುದಕ್ಕಿಂತ ಅದೇ ಸರಿ. ಕಬ್ಬಿಣದವು ಅಗ್ಗ, ಹಿತ್ತಾಳೆಯವು ಸ್ವಲ್ಪ ದುಬಾರಿ. ಹಿತ್ತಾಳೆಯನ್ನೇ ತಂದೆ, ಅದಕ್ಕೆ ತುಕ್ಕಿಲ್ಲ. ಕೂರುವ ಅಂಚನ್ನು ಎಮರಿ ಪೇಪರಿನಲ್ಲಿ ಹೊಳೆಯುವವರೆಗೆ ಉಜ್ಜಿ, ತೆಳ್ಳಗೆ ಸೀಲೆಂಟ್ ಸವರಿ, ಬಿಲ್ಲೆಯ ಒಳಗೆ ಸರಿಯಾಗಿ ಕೂರುವ ಸಾಕೆಟ್ ಇಟ್ಟು ನೆಟ್ಟಗೆ ಬಡಿದೆ. ಓರೆಯಾದರೆ ತೆಗೆದು ಬಿಸಾಡಿ ಹೊಸದನ್ನೇ ಹಾಕಬೇಕು.

ಒಳಗಿನ ತುಕ್ಕಿಗೆ ನಿಂಬೆ ಉಪ್ಪು ಬಳಸಿದೆ. ಅಡುಗೆಮನೆಯ ಅದೇ ನಿಂಬೆ ಉಪ್ಪು. ನೀರಲ್ಲಿ ಕರಗಿಸಿ ತುಂಬಿ, ಇಂಜಿನ್ ಬಿಸಿಯಾಗುವವರೆಗೆ ಓಡಿಸಿ, ತಣಿದ ಮೇಲೆ ಬಸಿದು, ಚೆನ್ನಾಗಿ ತೊಳೆಯಬೇಕು. ಕಬ್ಬಿಣದ ಹೆಡ್ ಇರುವುದರಿಂದ ಧೈರ್ಯವಾಗಿ ಮಾಡಿದೆ. ಪದ್ಮಿನಿ ಕಾರಿನಂಥ ಅಲ್ಯೂಮಿನಿಯಂ ಹೆಡ್ ಗಾಡಿಗಳಿಗೆ ಹುಳಿ ಅಷ್ಟು ಒಗ್ಗುವುದಿಲ್ಲ, ಅಲ್ಲಿ ಹುಷಾರು.

ರೇಡಿಯೇಟರನ್ನು ಬಿಚ್ಚಿ ಬನ್ನಿಮಂಟಪದ ಕಡೆ ಇರುವ ಒಂದು ಸಣ್ಣ ಅಂಗಡಿಗೆ ಒಯ್ದೆ. ಅಲ್ಲಿನ ಭಾಯ್ ಅದನ್ನು ಎರಡು ಕೈಯಲ್ಲಿ ಎತ್ತಿ ತೂಗಿ ನೋಡಿದರು. 'ಖಾಲಿ ಇದ್ರೂ ಭಾರ ಇದೆ ಸಾರ್. ಒಳಗೆ ಮಾಲು ಕೂತಿದೆ.' ಉರಿ ಹಿಡಿದು ಬೆಸುಗೆ ಕರಗಿಸಿ ಮೇಲಿನ ತೊಟ್ಟಿಯನ್ನು ಬಿಡಿಸಿದರು. ಸಾಲಾಗಿ ನಿಂತ ಚಪ್ಪಟೆ ಕೊಳವೆಗಳ ಬಾಯಿ ಕಾಣಿಸಿತು. ಎಷ್ಟೋ ಬಾಯಿಗಳಲ್ಲಿ ಮಣ್ಣು, ಕೆಲವದರಲ್ಲಿ ಬಿಳಿ ಸುಣ್ಣ. ತೆಳ್ಳನೆಯ ಉದ್ದ ಪಟ್ಟಿಯನ್ನು ಒಂದೊಂದು ಕೊಳವೆಗೂ ಇಳಿಸಿ ಎಳೆದರು. ಆತುರವಿಲ್ಲ, ಮಾತಿಲ್ಲ. ಪಟ್ಟಿ ತಡೆದ ಕಡೆ ಒತ್ತುತ್ತಿರಲಿಲ್ಲ, ಸ್ವಲ್ಪ ಹಿಂದಕ್ಕೆಳೆದು ಮತ್ತೆ ಬಿಡುತ್ತಿದ್ದರು. ಒತ್ತಿದರೆ ಕೊಳವೆಯ ಗೋಡೆ ಹರಿಯುತ್ತದೆ. ಎಲ್ಲ ಮುಗಿದ ಮೇಲೆ ತೊಟ್ಟಿಯನ್ನು ಮತ್ತೆ ಬೆಸೆದು, ಬಾಯಿಗಳಿಗೆ ಬಿರಡೆ ಹಾಕಿ, ನೀರಿನ ಬಾನಿಯಲ್ಲಿ ಮುಳುಗಿಸಿ ಗಾಳಿ ಕೊಟ್ಟರು. ಒಂದು ಮೂಲೆಯಲ್ಲಿ ಗುಳ್ಳೆ ಎದ್ದಿತು. ಎತ್ತಿ ಒರೆಸಿ ಅಲ್ಲಿಗೆ ಇನ್ನೊಂದು ಚುಕ್ಕೆ ಸೀಸ ಇಟ್ಟರು. ಮತ್ತೆ ಮುಳುಗಿಸಿದಾಗ ನೀರು ಅಲುಗಲಿಲ್ಲ.

ಅರಿಶಿನದ ಬಗ್ಗೆ ಕೇಳಿದೆ. 'ಅರಿಶಿನ ಹಾಕಿದ್ ಗಾಡಿ ನಮ್ಮತ್ರ ಬಂದೇ ಬರುತ್ತೆ ಸಾರ್, ಸ್ವಲ್ಪ ಲೇಟಾಗಿ.'

ಹೊಸ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಿ ಅಂತ ಹೇಳಿದವರಿದ್ದರು. ನಾನು ಒಪ್ಪಲಿಲ್ಲ. ತಾಮ್ರ, ಹಿತ್ತಾಳೆಯ ರೇಡಿಯೇಟರನ್ನು ಬಿಚ್ಚಬಹುದು, ತೊಳೆಯಬಹುದು, ಬೆಸೆಯಬಹುದು. ಈಗಿನ ಪ್ಲಾಸ್ಟಿಕ್ ತೊಟ್ಟಿಯ ರೇಡಿಯೇಟರ್ ಒಡೆದರೆ ಹೆಚ್ಚಿನವರು ಬದಲಿಸಿಯೇಬಿಡುತ್ತಾರೆ. ಅದಕ್ಕೇ ಈ ಕೈಕೆಲಸದವರಿಗೆ ಕೆಲಸ ಕಡಿಮೆಯಾಗುತ್ತಿದೆ. ಮೈಸೂರಿನಲ್ಲಿ ಇಂಥವರು ಇನ್ನೂ ಇರುವಾಗಲೇ ಅವರ ಹತ್ತಿರ ಹೋಗೋಣ.

ಕ್ಯಾಪ್ ವಿಷಯದಲ್ಲಿ ಒಂದು ಎಚ್ಚರಿಕೆ. ಹೊಸ ಕಾರುಗಳ ಕ್ಯಾಪ್‌ಗಳಲ್ಲಿ ಒತ್ತಡ ಜಾಸ್ತಿ, 13, 15 ಹೀಗೆ. ಬಾಯಿಗೆ ಸರಿಯಾಗಿ ಕೂರುತ್ತದೆ ಅಂತ ಅದನ್ನು ಹಳೇ ಗಾಡಿಗೆ ಹಾಕಿದರೆ ಬೆಸುಗೆ ಬಿಟ್ಟುಕೊಳ್ಳುತ್ತದೆ. ಮೂಲದಲ್ಲಿ ಎಷ್ಟಿತ್ತೋ ಅಷ್ಟೇ ಇರಲಿ.

ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಥರ್ಮೋಸ್ಟಾಟ್‌ನ ಜಾಗ ಬಿಚ್ಚಿದರೆ ಅದು ಖಾಲಿ. ನಮ್ಮ ಕಡೆಯ ಹಳೇ ಗಾಡಿಗಳಲ್ಲಿ ಇದು ಮಾಮೂಲು. ಗಾಡಿ ಹೀಟ್ ಆಗುತ್ತದೆ ಅಂತ ಯಾರೋ ತೆಗೆದು ಎಸೆದಿರುತ್ತಾರೆ. ಆಮೇಲೆ ಇಂಜಿನ್ ಬಿಸಿಯಾಗಲು ತುಂಬಾ ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಹೊಸದನ್ನು ಪಾತ್ರೆಯ ನೀರಲ್ಲಿ ಕಾಯಿಸಿ, ಅದರ ಮೇಲೆ ಒತ್ತಿರುವ ಡಿಗ್ರಿಗೆ ಬಾಯಿ ತೆರೆಯುತ್ತದೆಯೇ ಅಂತ ನೋಡಿ ಕೂರಿಸಿದೆ. ಅದರ ಮುಚ್ಚಳದ ಸ್ಟಡ್‌ಗಳು ತುಕ್ಕಿನಲ್ಲಿ ಅಂಟಿಕೊಳ್ಳುವುದು ಈ ಇಂಜಿನ್‌ನ ಹಳೇ ರೋಗ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಂದು ರಾತ್ರಿ ಸುಮ್ನೆ ಬಿಡಬೇಕು. ಬಲ ತೋರಿಸಿದರೆ ಸ್ಟಡ್ ಮುರಿಯುತ್ತದೆ.

ಇನ್ನು ಒಳಗೆ ಏನು ಹುಯ್ಯಬೇಕು? ಮೈಸೂರಿನಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ. ನಮಗೆ ಕೂಲೆಂಟ್ ಬೇಕಿರುವುದು ತುಕ್ಕು ತಡೆಯುವುದಕ್ಕೆ. ಮೂರರಲ್ಲಿ ಒಂದು ಪಾಲು ಕೂಲೆಂಟ್, ಎರಡು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿದರೆ ಸಾಕು. ಬೆಸುಗೆ, ಹಿತ್ತಾಳೆ ಇರುವ ಹಳೇ ಗಾಡಿಗಳಿಗೆ ಹಳೇ ಮಾದರಿಯ ಹಸಿರು ಕೂಲೆಂಟನ್ನೇ ಬಲ್ಲವರು ಹೇಳುತ್ತಾರೆ, ನಾನೂ ಅದನ್ನೇ ಹಾಕಿದ್ದೇನೆ. ಬಣ್ಣವೊಂದನ್ನೇ ನಂಬಬೇಡಿ, ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಕೂಲೆಂಟ್ ವಿಷ, ಆದರೆ ರುಚಿ ಸಿಹಿ. ಬಸಿದದ್ದನ್ನು ಬೋಗುಣಿಯಲ್ಲಿ ಬಿಟ್ಟರೆ ಬೀದಿ ನಾಯಿ, ಬೆಕ್ಕು ನೆಕ್ಕಿ ಸಾಯುತ್ತವೆ. ಮಕ್ಕಳಿರುವ ಮನೆಯಲ್ಲಂತೂ ಇನ್ನೂ ಜಾಗ್ರತೆ. ತಕ್ಷಣ ಮುಚ್ಚಳವಿರುವ ಕ್ಯಾನಿಗೆ ತುಂಬಿಡಿ, ಚರಂಡಿಗೆ ಚೆಲ್ಲಬೇಡಿ.

ಈಗ ಟೆಸ್ಟರ್ ಹಾಕಿ ಪಂಪ್ ಮಾಡಿದರೆ ಮುಳ್ಳು 7ರಲ್ಲೇ ನಿಲ್ಲುತ್ತದೆ. ಒಂದು ಕೆಲಸ ಬಾಕಿ ಇದೆ. ಫ್ಯಾನಿನ ಎಲೆ ಹಿಡಿದು ಅಲುಗಾಡಿಸಿದರೆ ಪಂಪಿನ ಬೇರಿಂಗ್ ಚೂರು ಆಡುತ್ತಿದೆ. ಸೀಲ್ ಇನ್ನೂ ಒಣಗಿದೆ, ಆದರೆ ಬೇರಿಂಗ್ ಆಡಿದರೆ ಸೀಲ್ ಹೆಚ್ಚು ದಿನ ಬಾಳುವುದಿಲ್ಲ. ಪಂಪ್ ಕಿಟ್‌ಗೆ ಹೇಳಿಟ್ಟಿದ್ದೇನೆ. ಶಿವರಾತ್ರಿ ಕಳೆದು ಬಿಸಿಲು ಏರುವುದರೊಳಗೆ ಅದನ್ನೂ, ಜೊತೆಗೆ ಫ್ಯಾನ್ ಬೆಲ್ಟನ್ನೂ ಬದಲಿಸುತ್ತೇನೆ.